ಬಿಲ್ಬಾವೊ: ಮ್ಯೂಸಿಯಂಗಿಂತ ಮೊದಲು ಅಳಿವೆ

ಪ್ರಶ್ನೆ: ಸ್ಪೇನ್ ಪ್ರವಾಸದಲ್ಲಿ ಉತ್ತರದ ಬಿಲ್ಬಾವೊ ನಗರಕ್ಕೆ ಎರಡು ದಿನ ಇಟ್ಟುಕೊಂಡಿದ್ದೇವೆ. ಎಲ್ಲಿ ಓದಿದರೂ ಒಂದೇ ಮಾತು: ಮುಳುಗಿಹೋಗಿದ್ದ ಕೈಗಾರಿಕೆಯ ಊರನ್ನು ಗುಗೆನ್‌ಹೈಮ್ ಮ್ಯೂಸಿಯಂ ಎತ್ತಿ ನಿಲ್ಲಿಸಿತು ಅಂತ. ಒಂದು ಕಟ್ಟಡದಿಂದ ಅಷ್ಟು ಸಾಧ್ಯವೇ? ಇನ್ನೊಂದು ಅನುಮಾನ. ನಕ್ಷೆಯಲ್ಲಿ ಊರು ಕಡಲಿನಿಂದ ಸಾಕಷ್ಟು ಒಳಗಿದೆ, ಆದರೂ ಬಂದರು ನಗರ ಎನ್ನುತ್ತಾರೆ, ಹೇಗೆ? ಎರಡು ದಿನದಲ್ಲಿ ಏನು, ಯಾವ ಕ್ರಮದಲ್ಲಿ ನೋಡಿದರೆ ಊರು ಅರ್ಥವಾಗುತ್ತದೆ?

ಉತ್ತರ: ಮ್ಯೂಸಿಯಂ ಬಾಗಿಲು ತೆರೆದದ್ದು 1997ರ ಅಕ್ಟೋಬರ್‌ನಲ್ಲಿ. ಆ ಹೊತ್ತಿಗೆ ನದಿಯ ಕೊಳಚೆ ನಿಲ್ಲಿಸುವ ಯೋಜನೆಗೆ ಹದಿನೆಂಟು ವರ್ಷ ತುಂಬಿತ್ತು, ಮೆಟ್ರೊ ಓಡಲು ಶುರುವಾಗಿ ಎರಡು ವರ್ಷವಾಗಿತ್ತು, ಬಂದರು ಊರೊಳಗಿನ ದಡಗಳನ್ನು ಬಿಟ್ಟು ಕಡಲಿನತ್ತ ಸರಿಯುತ್ತಿತ್ತು. ಆದ್ದರಿಂದ ನೀವು ಓದಿದ ಮಾತು ಪೂರ್ತಿ ಸುಳ್ಳಲ್ಲ, ಆದರೆ ಕಥೆಯನ್ನು ಕೊನೆಯ ಅಧ್ಯಾಯದಿಂದ ಶುರುಮಾಡುತ್ತದೆ. ನಿಮ್ಮ ಎರಡನೆಯ ಅನುಮಾನದಲ್ಲೇ ಮೊದಲನೆಯದರ ಉತ್ತರವೂ ಇದೆ. ಈ ಊರನ್ನು ಕಟ್ಟಿದ್ದು, ಕೆಡಿಸಿದ್ದು, ಮತ್ತೆ ಕಟ್ಟಿದ್ದು ಎಲ್ಲ ಅದರ ಅಳಿವೆಯ ಸುತ್ತಲೇ.

ಮೊದಲು ನೆಲ. ಸ್ಪೇನಿನ ಉತ್ತರ ತೀರದಲ್ಲಿ ಬೆಟ್ಟಸಾಲು ಕಡಲಿಗೆ ತೀರಾ ಹತ್ತಿರ. ಹಾಗಾಗಿ ನದಿಗಳು ಗಿಡ್ಡ, ಇಳಿಜಾರು ಕಡಿದು, ಬಯಲು ಕಡಿಮೆ. ನೆರ್ವಿಯೋನ್ ನದಿ ದಕ್ಷಿಣದ ಒರ್ದುನ್ಯ ಬಂಡೆಸಾಲಿನ ಮೇಲೆ ಹುಟ್ಟಿ, ಅಂಚಿನಿಂದ 222 ಮೀಟರ್ ಕೆಳಕ್ಕೆ ಧುಮುಕುತ್ತದೆ. ಚಿತ್ರದಲ್ಲಿ ನೋಡಿ ಮರುಳಾಗಿ ಬೇಸಿಗೆಯಲ್ಲಿ ಹೋದವರಿಗೆ ಅಲ್ಲಿ ಒಣ ಬಂಡೆ ಮಾತ್ರ ಕಾಣುತ್ತದೆ. ಸುಣ್ಣಕಲ್ಲಿನ ನೆಲ ನೀರನ್ನು ಒಳಗೇ ಹೀರಿಕೊಳ್ಳುವುದರಿಂದ ಜೋರು ಮಳೆ ಬಂದಾಗ ಅಥವಾ ಹಿಮ ಕರಗುವಾಗಷ್ಟೇ ಅದು ಜಲಪಾತ. ಕೆಳಗೆ ಬಸೌರಿಯಲ್ಲಿ ಪೂರ್ವದಿಂದ ಬರುವ ಇಬೈಸಾಬಲ್ ಸೇರುತ್ತದೆ. ಅಲ್ಲಿಂದ ಮುಂದೆ ನದಿಗೆ ಯಾರ ಹೆಸರು ಎಂಬ ಚರ್ಚೆ ಮುಗಿದಿಲ್ಲ. ಊರಿನವರು ಆ ಗೋಜಿಗೆ ಹೋಗದೆ ‘ರಿಯಾ’ ಎನ್ನುತ್ತಾರೆ, ಅಂದರೆ ಕಡಲಿನ ಭರತ ಒಳನುಗ್ಗುವ ಅಳಿವೆ. ಹಳೆ ಪೇಟೆಯಿಂದ ಎಲ್ ಆಬ್ರಾ ಎಂಬ ಕೊಲ್ಲಿಯವರೆಗೆ ಅದರ ಉದ್ದ ಸುಮಾರು 14 ಕಿಲೋಮೀಟರ್. ದೊಡ್ಡ ಭರತದ ದಿನಗಳಲ್ಲಿ ಕಡಲ ಬಾಯಿಯಲ್ಲಿ ನೀರಿನ ಏರಿಳಿತ 4 ಮೀಟರ್ ದಾಟುತ್ತದೆ. ಭರತದ ಒತ್ತು ಹಳೆ ಪೇಟೆಯನ್ನೂ ದಾಟಿ ಮೇಲಕ್ಕೆ ಹೋಗುತ್ತದೆ.

ಊರಿನ ಉತ್ತರಕ್ಕೆ ಅರ್ಚಾಂದ ಗುಡ್ಡ, ದಕ್ಷಿಣಕ್ಕೆ 671 ಮೀಟರ್ ಎತ್ತರದ ಪಗಸಾರಿ, ಅದರ ಹಿಂದೆ ಸಾವಿರ ಮೀಟರ್‌ಗೆ ಸ್ವಲ್ಪವೇ ಕಡಿಮೆಯ ಗನೆಕೊಗೊರ್ತ. ನಡುವಿನ ಗುಂಡಿಯಲ್ಲಿ ಊರು. ನಗರಸಭೆಯ ವ್ಯಾಪ್ತಿ 41 ಚದರ ಕಿಲೋಮೀಟರ್ ಆಸುಪಾಸು, ಜನ ಸುಮಾರು ಮೂರೂವರೆ ಲಕ್ಷ. ಆದರೆ ಅಳಿವೆಯ ಎರಡೂ ದಡಗಳಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಊರುಗಳನ್ನೆಲ್ಲ ಸೇರಿಸಿದರೆ ಒಂಬತ್ತು ಲಕ್ಷದ ಹತ್ತಿರ ಹೋಗುತ್ತದೆ. ಬೆಟ್ಟ ಬಿಡಲಿಲ್ಲ, ಹಾಗಾಗಿ ಊರು ಅಗಲಕ್ಕೆ ಬೆಳೆಯದೆ ನೀರಿನ ಗುಂಟ ಉದ್ದಕ್ಕೆ ಬೆಳೆಯಿತು. ಈ ಒಂದು ಸಂಗತಿ ತಲೆಯಲ್ಲಿದ್ದರೆ ಬಿಲ್ಬಾವೊ ನಕ್ಷೆ ಗೊಂದಲ ಮಾಡುವುದಿಲ್ಲ.

ಹಾಗಾದರೆ ಬಂದರು ಕಡಲ ಬಾಯಲ್ಲೇ ಏಕೆ ಬೆಳೆಯಲಿಲ್ಲ? ಬಿಸ್ಕಾಯ ಕೊಲ್ಲಿಯ ವಾಯವ್ಯ ಬಿರುಗಾಳಿಗೆ ಎಲ್ ಆಬ್ರಾ ಎದೆಯೊಡ್ಡಿ ನಿಂತಿದೆ. ಅಣೆಕಟ್ಟೆಯಂಥ ಅಲೆತಡೆ ಕಟ್ಟುವ ತಾಕತ್ತು ಇಲ್ಲದ ಕಾಲದಲ್ಲಿ ಅಲ್ಲಿ ಹಡಗು ಲಂಗರು ಹಾಕುವುದು ಅಪಾಯ. ಒಳಗೆ ಬಂದರೆ ಗಾಳಿಯೂ ಇಲ್ಲ, ಕಡಲ್ಗಳ್ಳರ ಕಾಟವೂ ಕಡಿಮೆ. ಭರತ ಏರುವಾಗ ಹಡಗು ಅದರ ಜೊತೆಗೇ ಮೇಲೆ ಬರಬಹುದು, ಇಳಿತದಲ್ಲಿ ಹೊರಡಬಹುದು. ಈಗ ಸಾನ್ ಅಂತೋನ್ ಚರ್ಚು ನಿಂತಿರುವ ಕಡೆ ನದಿ ಸೇತುವೆ ಕಟ್ಟುವಷ್ಟು ಕಿರಿದಾಗುತ್ತದೆ. ಕಾಸ್ತೀಲದ ಒಳನಾಡಿನಿಂದ ಒರ್ದುನ್ಯ ಕಣಿವೆ ಇಳಿದು ಬರುವ ದಾರಿ ಅಲ್ಲೇ ನದಿ ದಾಟುತ್ತಿತ್ತು. ಹಡಗು ಹತ್ತಿ ಬರಬಹುದಾದ ಕೊನೆಯ ಜಾಗ, ಗಾಡಿ ದಾಟಬಹುದಾದ ಮೊದಲ ಜಾಗ, ಎರಡೂ ಒಂದೇ ಕಡೆ. ನಗರದ ಲಾಂಛನದಲ್ಲಿ ಆ ಸೇತುವೆ, ಆ ಚರ್ಚು ಮತ್ತು ಆರೋ ಮನೆತನದ ಎರಡು ತೋಳಗಳಿವೆ.

ಆ ಮನೆತನದ ಐದನೇ ದಿಯೇಗೊ ಲೋಪೆಸ್ ದೆ ಆರೋ, ಬಿಲ್ಬಾವೊ ಸುತ್ತಲಿನ ಬಿಸ್ಕಾಯ ಪ್ರಾಂತ್ಯದ ಒಡೆಯ, 1300ರ ಜೂನ್ 15ರಂದು ಬಿಲ್ಬಾವೊಗೆ ಪಟ್ಟಣದ ಸನ್ನದು ಕೊಟ್ಟ. ಅದಕ್ಕೆ ಮಾದರಿ ಲೊಗ್ರೋನ್ಯೊ ಊರಿನ ಕಟ್ಟಳೆ. ಆದರೆ ನಿಜವಾದ ತಿರುವು ಬಂದದ್ದು ಹತ್ತು ವರ್ಷದ ನಂತರ. 1310ರಲ್ಲಿ ಮರಿಯಾ ದಿಯಾಸ್ ದೆ ಆರೋ ಸನ್ನದನ್ನು ನವೀಕರಿಸುವಾಗ, ಒರ್ದುನ್ಯದಿಂದ ಬೆರ್ಮೆಯೊ ರೇವಿಗೆ ಹೋಗುವ ಸರಕು ಬಿಲ್ಬಾವೊ ಮೂಲಕವೇ ಹೋಗಬೇಕು ಎಂದು ವಿಧಿಸಿದಳು. ಕಡಲ ದಂಡೆಯಲ್ಲೇ ಇದ್ದ ಬೆರ್ಮೆಯೊ ಹಿಂದೆ ಬಿತ್ತು. ಭೂಗೋಳ ಅವಕಾಶ ಕೊಟ್ಟಿತು, ಅದನ್ನು ಕಾನೂನು ಬೀಗ ಹಾಕಿ ಕಾಪಾಡಿತು. ಈ ಜೋಡಿ ಮುಂದೆಯೂ ಮತ್ತೆ ಮತ್ತೆ ಬರುತ್ತದೆ.

ಮೊದಲಿದ್ದದ್ದು ಮೂರು ಬೀದಿ: ಸೊಮೆರ, ಆರ್ತೆಕಾಯೆ, ತೆಂದೆರಿಯ. ಹದಿನೈದನೇ ಶತಮಾನಕ್ಕೆ ಏಳಾದವು. ಇವತ್ತಿಗೂ ಹಳೆ ಪೇಟೆಯ ಹೆಸರು ‘ಏಳು ಬೀದಿ’. ಎಲ್ಲವೂ ನದಿಗೆ ಲಂಬವಾಗಿವೆ. ದಡದಲ್ಲಿ ಇಳಿಸಿದ ಸರಕನ್ನು ಅಂಗಡಿಯ ಹಿತ್ತಿಲವರೆಗೆ ನೇರ ಎಳೆದೊಯ್ಯುವ ವಿನ್ಯಾಸ. ಹೊರಹೋಗುತ್ತಿದ್ದ ಮುಖ್ಯ ಸರಕು ಕಾಸ್ತೀಲದ ಮೆರಿನೊ ಉಣ್ಣೆ ಮತ್ತು ಬಿಸ್ಕಾಯದ ಕಬ್ಬಿಣ, ಒಳಬರುತ್ತಿದ್ದದ್ದು ಫ್ಲಾಂಡರ್ಸ್‌ನ ಬಟ್ಟೆ. ಉಣ್ಣೆ ವ್ಯಾಪಾರದ ಹಿಡಿತ ಒಳನಾಡಿನ ಬುರ್ಗೋಸ್ ವರ್ತಕರ ಕೈಲಿತ್ತು, ಅವರ ವರ್ತಕ ಸಂಘಕ್ಕೆ 1494ರಲ್ಲೇ ರಾಜಮುದ್ರೆ ಸಿಕ್ಕಿತ್ತು. ಬಿಲ್ಬಾವೊದವರು ಜಗಳವಾಡಿ 1511ರಲ್ಲಿ ರಾಣಿ ಹುವಾನಾಳಿಂದ ತಮ್ಮದೇ ಸಂಘ ಪಡೆದರು. ವ್ಯಾಪಾರದ ವ್ಯಾಜ್ಯ ತೀರ್ಮಾನಿಸುವ, ಅಳಿವೆಯ ದಾರಿ ತೋರಿಸುವ ನಾವಿಕರನ್ನು ನೇಮಿಸುವ, ದಡ ದುರಸ್ತಿ ಮಾಡಿಸುವ ಅಧಿಕಾರ ಅದಕ್ಕೇ ಇತ್ತು. ಅದು 1737ರಲ್ಲಿ ರಚಿಸಿದ ವಾಣಿಜ್ಯ ಕಟ್ಟಳೆ 1829ರ ರಾಷ್ಟ್ರೀಯ ವಾಣಿಜ್ಯ ಸಂಹಿತೆ ಬರುವವರೆಗೆ ಸ್ಪೇನಿನಲ್ಲೂ, ಅದರ ಅಮೆರಿಕದ ವಸಾಹತುಗಳಲ್ಲೂ ಆಧಾರಗ್ರಂಥವಾಗಿ ನಡೆಯಿತು. ಕೋಟೆಯಿಂದಲ್ಲ, ಕಾಗದಪತ್ರದಿಂದ ದೊಡ್ಡದಾದ ಊರು ಇದು.

ಈಗ ಕಬ್ಬಿಣ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನೀವು ಇವತ್ತು ನೋಡುವ ಬಿಲ್ಬಾವೊದ ಮುಕ್ಕಾಲು ಪಾಲು ಇದರ ದುಡ್ಡು.

ಅಳಿವೆಯ ಎಡದಂಡೆಯ ಹಿಂದಿನ ತ್ರಿಯಾನೊ ಗುಡ್ಡಗಳಲ್ಲಿ ಅದಿರು ಇತ್ತೆಂಬುದು ರೋಮನ್ನರ ಕಾಲದಿಂದಲೂ ಗೊತ್ತಿದ್ದ ವಿಷಯ. ಹಳ್ಳದ ನೀರಿನಿಂದ ತಿದಿ ಒತ್ತುವ ಚಿಕ್ಕ ಕುಲುಮೆಗಳು ಶತಮಾನಗಳ ಕಾಲ ಮೆತ್ತನೆಯ ‘ವೇನ’ ಅದಿರನ್ನು ಕರಗಿಸುತ್ತಿದ್ದವು. ಅದಿರನ್ನು ಹಾಗೇ ಪರದೇಶಕ್ಕೆ ಕೊಡುವುದನ್ನು ಬಿಸ್ಕಾಯದ ಹಳೆಯ ಕಟ್ಟಳೆ ನಿಷೇಧಿಸಿತ್ತು. 1856ರಲ್ಲಿ ಇಂಗ್ಲೆಂಡಿನ ಬೆಸೆಮರ್ ಕಡಿಮೆ ಖರ್ಚಿನಲ್ಲಿ ಉಕ್ಕು ಮಾಡುವ ವಿಧಾನ ಪ್ರಕಟಿಸಿದ. ಕರಗಿದ ಕಬ್ಬಿಣದೊಳಗೆ ಗಾಳಿ ಊದಿ ಇಂಗಾಲ ಸುಡುವುದು. ಆದರೆ ಅವನ ಪಾತ್ರೆಯ ಒಳಪದರ ಸಿಲಿಕಾ ಇಟ್ಟಿಗೆಯದು, ಅದು ರಂಜಕವನ್ನು ಹಿಡಿದುಕೊಳ್ಳುವುದಿಲ್ಲ. ಅದಿರಿನಲ್ಲಿ ರಂಜಕವಿದ್ದರೆ ಅದು ಉಕ್ಕಿನಲ್ಲೇ ಉಳಿದು, ಚಳಿಗೆ ಹಳಿ ಪಟಕ್ಕನೆ ಸೀಳುತ್ತದೆ. ಬ್ರಿಟನ್ನಿನ ಬಹುಪಾಲು ಅದಿರು ರಂಜಕದ್ದು. ಬಿಲ್ಬಾವೊದ ಹೆಮಟೈಟ್ ಎಂಬ ಕೆಂಪು ಅದಿರಿನಲ್ಲಿ ರಂಜಕ ಅತ್ಯಲ್ಪ. ಮೇಲಾಗಿ ಗಣಿ ನೆಲದ ಮೇಲ್ಭಾಗದಲ್ಲೇ, ತೆರೆದು ಅಗೆಯುವಂತೆ. ಹಡಗು ಕೆಲವೇ ಕಿಲೋಮೀಟರ್ ಕೆಳಗೆ. ಇಷ್ಟು ಒಟ್ಟಿಗೆ ಕೂಡಿಬಂದ ಜಾಗ ಯುರೋಪಿನಲ್ಲಿ ಇನ್ನೊಂದು ಇರಲಿಲ್ಲ ಎನ್ನಬಹುದು.

1860ರ ದಶಕದಲ್ಲಿ ರಫ್ತಿನ ತಡೆ ಸಡಿಲವಾಯಿತು. 1876ರಲ್ಲಿ ಮೂರನೇ ಕಾರ್ಲಿಸ್ಟ್ ಯುದ್ಧ (ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ಒಳಯುದ್ಧಗಳಲ್ಲಿ ಕೊನೆಯದು) ಮುಗಿದು, ಬಿಸ್ಕಾಯವೂ ಸೇರಿದ ಬಾಸ್ಕ್ ಪ್ರಾಂತ್ಯಗಳ ಹಳೆಯ ಸ್ವಾಯತ್ತ ಹಕ್ಕುಗಳು ರದ್ದಾದ ಮೇಲೆ ಪ್ರವಾಹವೇ ಹರಿಯಿತು. 1873ರಲ್ಲಿ ಹುಟ್ಟಿದ ಒರ್ಕೊನೆರ ಕಂಪನಿಯಲ್ಲಿ ಸ್ಥಳೀಯ ಇಬಾರ್ರ ಮನೆತನದ ಜೊತೆ ಉಕ್ಕಿನ ಕಂಪನಿಗಳಾದ ಬ್ರಿಟನ್ನಿನ ಕಾನ್ಸೆಟ್ ಮತ್ತು ಡೌಲೈಸ್, ಜರ್ಮನಿಯ ಕ್ರುಪ್ ಪಾಲುದಾರರು. ಗುಡ್ಡದಿಂದ ತಂತಿದಾರಿಯಲ್ಲಿ ತೊಟ್ಟಿಗಳು ಇಳಿಯುತ್ತಿದ್ದವು, ಕಿರುರೈಲು ಅದನ್ನು ದಡದ ಜಾರುಗಾಲುವೆಗೆ ತಂದು ನೇರ ಹಡಗಿನ ಹೊಟ್ಟೆಗೆ ಸುರಿಯುತ್ತಿತ್ತು. 1899ರ ಸುಮಾರಿಗೆ ಗಣಿಗಳಿಂದ ತೆಗೆದ ಅದಿರು ವರ್ಷಕ್ಕೆ 60 ಲಕ್ಷ ಟನ್ ದಾಟಿತ್ತು. ಹೆಚ್ಚಿನ ಪಾಲು ಬ್ರಿಟನ್ನಿಗೆ. ಹಿಂದಿರುಗುವ ಹಡಗುಗಳು ಖಾಲಿ ಬರುವ ಬದಲು ಕಲ್ಲಿದ್ದಲು ತಂದವು. ಕಲ್ಲಿದ್ದಲು ಅಗ್ಗವಾಗಿ ಸಿಕ್ಕಿದ್ದರಿಂದ ದಡದಲ್ಲೇ ಊದುಕುಲುಮೆಗಳು ಎದ್ದವು. 1902ರಲ್ಲಿ ಮೂರು ಕಂಪನಿ ಒಂದಾಗಿ ಆಲ್ತೊಸ್ ಓರ್ನೊಸ್ ದೆ ಬಿಸ್ಕಾಯ ಆಯಿತು, ಸ್ಪೇನಿನ ಅತಿದೊಡ್ಡ ಉಕ್ಕಿನ ಕಾರ್ಖಾನೆ.

1870ರ ದಶಕದ ಕೊನೆಗೆ ಗಿಲ್‌ಕ್ರಿಸ್ಟ್ ಮತ್ತು ಥಾಮಸ್ ಪಾತ್ರೆಯ ಒಳಪದರಕ್ಕೆ ಸುಣ್ಣದ ಗುಣದ ಇಟ್ಟಿಗೆ ಬಳಸಿ ರಂಜಕವನ್ನೂ ತೆಗೆದುಹಾಕುವ ದಾರಿ ಕಂಡುಕೊಂಡರು. ಅಲ್ಲಿಂದ ಬಿಲ್ಬಾವೊ ಅದಿರಿನ ವಿಶೇಷ ಬೆಲೆ ಮೆಲ್ಲಗೆ ಕರಗಿತು. ಒಳ್ಳೆಯ ಕೆಂಪು ಅದಿರು ಮುಗಿಯುತ್ತ ಬಂದಾಗ ಉಳಿದದ್ದು ಕಾರ್ಬನೇಟ್ ಅದಿರು, ಅದನ್ನು ಮೊದಲು ಗೂಡಿನಲ್ಲಿ ಸುಟ್ಟು ಅನಿಲ ಬಿಡಿಸಬೇಕು, ಖರ್ಚು ಹೆಚ್ಚು. ಆದರೆ ಆ ಹೊತ್ತಿಗೆ ಲಾಭ ಬೇರೆ ಕಡೆ ಬೇರು ಬಿಟ್ಟಿತ್ತು: ಹಡಗು ಕಂಪನಿ, ಬ್ಯಾಂಕು, 1901ರಲ್ಲಿ ಶುರುವಾದ ಜಲವಿದ್ಯುತ್ ಕಂಪನಿ. ಇವತ್ತು ಊರಿನ ಅತಿ ಎತ್ತರದ, 165 ಮೀಟರಿನ ಗಾಜಿನ ಗೋಪುರದ ಮೇಲೆ ಹೆಸರಿರುವ ಇಬೆರ್‌ದ್ರೋಲ ಆ ಜಲವಿದ್ಯುತ್ ಕಂಪನಿಯ ವಂಶ. 1857ರ ಬಾಂಕೊ ದೆ ಬಿಲ್ಬಾವೊ ಇಂದಿನ ಬಿಬಿವಿಎ ಬ್ಯಾಂಕಿನ ಪೂರ್ವಜ.

ಇಷ್ಟೆಲ್ಲ ಸರಕು ಹೊರಡಲು ಒಂದು ದೊಡ್ಡ ಅಡ್ಡಿಯಿತ್ತು. ಅಳಿವೆಯ ಬಾಯಿಯಲ್ಲಿ, ಎಡದಂಡೆಯ ಪೋರ್ತುಗಲೇತೆ ಊರಿನ ಎದುರು, ಅಲೆ ತಂದೊಡ್ಡುವ ಮರಳ ದಿಬ್ಬ. ದೊಡ್ಡ ಇಳಿತದಲ್ಲಿ ಅದರ ಮೇಲೆ ನೀರು ಹೆಚ್ಚುಕಡಿಮೆ ಒಂದು ಮೀಟರ್, ಅದೂ ದಾರಿ ಬದಲಾಯಿಸುತ್ತ. ಹಡಗುಗಳು ಭರತ ಕಾಯುತ್ತ ಸಾಲುಗಟ್ಟುತ್ತಿದ್ದವು, ಸಿಕ್ಕಿಬೀಳುತ್ತಿದ್ದವು. ಎವಾರಿಸ್ತೊ ದೆ ಚುರ್ರೂಕ ಎಂಬ ಎಂಜಿನಿಯರ್ 1877ರಿಂದ ಬಂದರಿನ ಕೆಲಸದ ಹೊಣೆ ಹೊತ್ತ. ಬರೀ ಮರಳು ತೋಡಿದರೆ ಮುಂದಿನ ಬಿರುಗಾಳಿಗೆ ಮತ್ತೆ ತುಂಬುತ್ತದೆ ಎಂಬುದು ಅವನಿಗೆ ಗೊತ್ತಿತ್ತು. 1881ರಿಂದ 1887ರೊಳಗೆ ಎಡದಂಡೆಯನ್ನು ಸುಮಾರು 800 ಮೀಟರ್ ಕಡಲೊಳಕ್ಕೆ, ಸ್ವಲ್ಪ ಬಾಗಿಸಿ, ಕಬ್ಬಿಣದ ಧಕ್ಕೆಯಾಗಿ ಮುಂದುವರಿಸಿದ. ಇಳಿತದ ನೀರು ಹರಡಿಹೋಗದೆ ಆ ಬಾಗಿದ ಗೋಡೆಗೆ ಒತ್ತಿಕೊಂಡು ಒಂದೇ ಕಾಲುವೆಯಲ್ಲಿ ರಭಸವಾಗಿ ಹೊರಟು ತಾನೇ ಮರಳನ್ನು ಕೊರೆದು ಒಯ್ಯತೊಡಗಿತು. ಈ ಊರಿನಲ್ಲಿ ಕಟ್ಟಿರುವ ವಸ್ತುಗಳಲ್ಲಿ ಅತ್ಯಂತ ಜಾಣತನದ್ದು ಯಾವುದು ಎಂದರೆ ಬೆರಳು ಮ್ಯೂಸಿಯಂ ಕಡೆಗಲ್ಲ, ಈ ಧಕ್ಕೆಯ ಕಡೆಗೇ ಹೋಗಬೇಕು. ಆಮೇಲೆ ಕೊಲ್ಲಿಯಲ್ಲೇ ಅಲೆತಡೆ ಗೋಡೆಗಳು ಎದ್ದು ಹೊರಬಂದರು ಆರಂಭವಾಯಿತು.

ಅಳಿವೆಯ ಎರಡು ದಡ ಎರಡು ಲೋಕವಾದದ್ದೂ ಆಗಲೇ. ಅದಿರು ಎಡಗಡೆ, ಹಾಗಾಗಿ ಬರಕಾಲ್ದೊ, ಸೆಸ್ತಾವೊ, ಪೋರ್ತುಗಲೇತೆ, ಸಾಂತುರ್ಚಿ ಎಲ್ಲ ಕುಲುಮೆ, ಹಡಗುಕಟ್ಟೆ, ಕಾರ್ಮಿಕರ ಬಿಡಾರ. 1890ರ ಗಣಿ ಮುಷ್ಕರ ಇಲ್ಲೇ ಹೊತ್ತಿಕೊಂಡಿತು. ಬಲಗಡೆ ಮರಳು ತೀರ, ಶುದ್ಧ ಗಾಳಿ. ಮಾಲೀಕರ ಬಂಗಲೆಗಳು ಗೆಚೊದಲ್ಲಿ. ಎರಡನ್ನೂ ಸೇರಿಸುವುದಕ್ಕೆ ಸಾಮಾನ್ಯ ಸೇತುವೆ ಆಗುವಂತಿರಲಿಲ್ಲ, ಹಡಗಿನ ಪಟಸ್ತಂಭ ಅಡಿಯಲ್ಲಿ ಹೋಗಬೇಕು. ಅಷ್ಟು ಎತ್ತರಕ್ಕೆ ಏರುದಾರಿ ಕಟ್ಟಲು ದಡದಲ್ಲಿ ಜಾಗವಿಲ್ಲ. ಅಲ್ಬೆರ್ತೊ ದೆ ಪಲಾಸಿಯೊ 1893ರಲ್ಲಿ ಕೊಟ್ಟ ಪರಿಹಾರ: 45 ಮೀಟರ್ ಎತ್ತರದಲ್ಲಿ, 160 ಮೀಟರ್ ಅಗಲಕ್ಕೆ ಕಬ್ಬಿಣದ ತೊಲೆ, ಅದರಿಂದ ಉಕ್ಕಿನ ಹಗ್ಗಗಳಲ್ಲಿ ತೂಗುವ ತೊಟ್ಟಿಲು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಆಚೀಚೆ ಓಡಾಡುತ್ತದೆ. ಜಗತ್ತಿನ ಮೊದಲ ಸಾಗಣೆ ಸೇತುವೆ ಇದು. 1937ರಲ್ಲಿ, ಸ್ಪೇನಿನ ಅಂತರ್ಯುದ್ಧದಲ್ಲಿ ಅಡ್ಡತೊಲೆ ಉರುಳಿ, 1941ರಲ್ಲಿ ಮತ್ತೆ ಶುರುವಾಯಿತು. 2006ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದ್ದರೂ ಜನ ಇವತ್ತಿಗೂ ತರಕಾರಿ ಚೀಲ ಹಿಡಿದು ಅದರಲ್ಲೇ ದಾಟುತ್ತಾರೆ.

ಯುದ್ಧಗಳನ್ನು ಬೇಗ ಮುಗಿಸುತ್ತೇನೆ. ಸುತ್ತಲಿನ ಹಳ್ಳಿನಾಡು ಕಾರ್ಲಿಸ್ಟರ ಕಡೆ, ವ್ಯಾಪಾರಿ ಊರು ಉದಾರವಾದಿಗಳ ಕಡೆ. 1835ರಲ್ಲಿ ಮುತ್ತಿಗೆ ಹಾಕಿದ್ದ ಕಾರ್ಲಿಸ್ಟ್ ದಂಡನಾಯಕ ಸುಮಲಕಾರೆಗಿ ಬೆಗೋನ್ಯದಲ್ಲಿ ಗುಂಡೇಟು ತಿಂದು ಕೆಲವೇ ದಿನಗಳಲ್ಲಿ ಸತ್ತ. 1836ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಹಿಮದ ನಡುವೆ ಉದಾರವಾದಿಗಳ ದಂಡನಾಯಕ ಎಸ್ಪಾರ್ತೆರೊ ಲುಚಾನ ಸೇತುವೆಯಲ್ಲಿ ಗೆದ್ದು ಇನ್ನೊಂದು ಮುತ್ತಿಗೆ ಮುರಿದ. 1874ರ ಮೇ 2ರಂದು ಕೊನೆಯದು ಮುರಿಯಿತು. 1936ರಲ್ಲಿ ಶುರುವಾದ ಅಂತರ್ಯುದ್ಧದಲ್ಲಿ ಬಾಸ್ಕ್ ಸರ್ಕಾರ ಊರಿನ ಸುತ್ತ ‘ಕಬ್ಬಿಣದ ಪಟ್ಟಿ’ ಎಂಬ ಕಂದಕಸಾಲು ತೋಡಿಸಿತು. ಅದರ ಎಂಜಿನಿಯರುಗಳಲ್ಲಿ ಒಬ್ಬನಾದ ಗೊಯ್ಕೊಎಚೆಯ ನಕ್ಷೆ ಸಮೇತ ಎದುರು ಪಾಳೆಯಕ್ಕೆ ಓಡಿಹೋದ. 1937ರ ಜೂನ್ 19ರಂದು ಬಂಡೆದ್ದ ದಂಡನಾಯಕ ಫ್ರಾಂಕೊನ ಸೇನೆ ಒಳಬಂತು. ಅದೇ ಗೊಯ್ಕೊಎಚೆಯ ಮುಂದೆ ಸ್ಪೇನಿನ ತಾಲ್ಗೊ ಎಂಬ ಹಗುರ ರೈಲಿನ ಜನಕ ಎನಿಸಿಕೊಂಡ. ಕಾರ್ಖಾನೆಗಳು ಹೆಚ್ಚು ಹಾನಿಯಿಲ್ಲದೆ ಕೈಗೆ ಸಿಕ್ಕಿದ್ದು ಫ್ರಾಂಕೊಗೆ ದೊಡ್ಡ ಲಾಭ.

ನದಿಯ ಇನ್ನೊಂದು ದಡದ ಅಬಾಂದೊ ಬೇರೆಯೇ ಗ್ರಾಮವಾಗಿತ್ತು, ಬಿಲ್ಬಾವೊಗೆ ಅಲ್ಲಿ ಕಾಲಿಡಲು ಬಿಡುತ್ತಿರಲಿಲ್ಲ. 1863ರಲ್ಲಿ ರೈಲು ಬಂದದ್ದು ಆ ದಡಕ್ಕೆ. (ಆ ರೈಲುದಾರಿ ಒರ್ದುನ್ಯ ಏರಲು ಕಣಿವೆಯನ್ನೇ ಲಾಳದಂತೆ ಸುತ್ತಿಬರುತ್ತದೆ, ಮಿರಾಂದ ಕಡೆಯಿಂದ ರೈಲಿನಲ್ಲಿ ಬಂದರೆ ಕಿಟಕಿ ಪಕ್ಕ ಕೂರಿ.) 1876ರ ಯೋಜನೆಯಂತೆ ಅಬಾಂದೊ ಬಯಲಿನಲ್ಲಿ ನೇರ ಬೀದಿಗಳ ಹೊಸ ಪೇಟೆ ಎದ್ದಿತು. ನಡುವಿನ ಗ್ರಾನ್ ವಿಯಾ ಹೆಸರಿರುವುದು ಸನ್ನದು ಕೊಟ್ಟ ಒಡೆಯನದೇ.

ಇನ್ನು ಕುಸಿತ. 1970ರ ದಶಕದ ತೈಲ ಬಿಕ್ಕಟ್ಟು, ಪೂರ್ವ ಏಷ್ಯಾದ ಹಡಗುಕಟ್ಟೆಗಳ ಪೈಪೋಟಿ, ಆಮೇಲೆ ಯುರೋಪಿನ ಮಾರುಕಟ್ಟೆ ಸೇರಲು ಬೇಕಿದ್ದ ಕೈಗಾರಿಕಾ ಕಡಿತ. ಊರ ನಡುವಿನ ಎವುಸ್ಕಾಲ್ದುನ ಹಡಗುಕಟ್ಟೆ 1984ರಿಂದ ಬೀದಿ ಕಾಳಗ ಕಂಡು 1988ರಲ್ಲಿ ಮುಚ್ಚಿತು. ಉಕ್ಕಿನ ಕುಲುಮೆಗಳು 1996ರಲ್ಲಿ ಆರಿದವು. ನಿರುದ್ಯೋಗ ದುಡಿಯುವವರಲ್ಲಿ ನಾಲ್ವರಿಗೆ ಒಬ್ಬರ ಹತ್ತಿರ ಬಂದಿತ್ತು. ನದಿ ಮಾತ್ರ ಬಣ್ಣಬಣ್ಣವಾಗಿ ಹರಿಯುತ್ತಿತ್ತು. ಒಳಭಾಗದ ತಳದಲ್ಲಿ ಕರಗಿದ ಆಮ್ಲಜನಕ ಇಲ್ಲವೇ ಇಲ್ಲ ಎನ್ನುವ ಸ್ಥಿತಿ, ಮೀನಿಲ್ಲ.

ಇದರ ಮೇಲೆ 1983ರ ಆಗಸ್ಟ್ 26. ಊರಹಬ್ಬದ ವಾರ. ಒಂದೇ ದಿನದಲ್ಲಿ ಸುಮಾರು 500 ಮಿಲಿಮೀಟರ್ ಮಳೆ, ಅಲ್ಲಿ ವರ್ಷವಿಡೀ ಬೀಳುವುದೇ 1,200ರ ಆಸುಪಾಸು. ಕಡಿದಾದ ಗುಡ್ಡ ಎಲ್ಲ ನೀರನ್ನೂ ಒಮ್ಮೆಲೇ ಇಳಿಸಿತು, ಕಾರ್ಖಾನೆಗಳು ಒತ್ತುವರಿ ಮಾಡಿ ಕಿರಿದಾಗಿದ್ದ ಪಾತ್ರ ತಾಳಲಿಲ್ಲ, ಕೆಳಗಿನಿಂದ ಭರತ ತಡೆದಿತ್ತು. ಏಳು ಬೀದಿಗಳಲ್ಲಿ ನೀರು ಮೂರು ಮೀಟರ್‌ಗೂ ಮೇಲೆ ನಿಂತಿತು, ಬಾಸ್ಕ್ ನಾಡಿನಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. ಹಳೆ ಪೇಟೆಯ ಗೋಡೆಗಳಲ್ಲಿ ನೀರು ಮುಟ್ಟಿದ ಮಟ್ಟ ಗುರುತಿಸಿದ ಫಲಕಗಳಿವೆ. ಹೆಚ್ಚಿನ ಪ್ರವಾಸಿಗರು ಅದರ ಕೆಳಗೇ ನಿಂತು ತಲೆ ಎತ್ತದೆ ಹೋಗುತ್ತಾರೆ.

ಎದ್ದು ನಿಂತದ್ದರಲ್ಲಿ ಮೊದಲನೆಯದು ಚರಂಡಿ. ಜಲಮಂಡಳಿಯ ಕೊಳಚೆ ಯೋಜನೆ 1979ರದ್ದು. ಎರಡೂ ದಡಗಳ ಉದ್ದಕ್ಕೆ ದೊಡ್ಡ ಕೊಳವೆಮಾರ್ಗ ಹಾಕಿ, ನದಿಗೆ ಬೀಳುತ್ತಿದ್ದ ಪ್ರತಿ ಮೋರಿಯನ್ನೂ ಅದಕ್ಕೆ ತಿರುಗಿಸಿ, ಸೆಸ್ತಾವೊದ ಗಾಲಿಂದೊ ಶುದ್ಧೀಕರಣ ಘಟಕಕ್ಕೆ ಒಯ್ಯುವುದು. ಘಟಕದಲ್ಲಿ ಕಸ ಮಡ್ಡಿ ತೆಗೆಯುವ ಹಂತ 1990ರಲ್ಲಿ, ಜೀವಾಣುಗಳಿಂದ ಶುದ್ಧಮಾಡುವ ಹಂತ 2001ರಲ್ಲಿ. ನೀರಿನ ಆಮ್ಲಜನಕ 60 ಪ್ರತಿಶತಕ್ಕೆ ಮುಟ್ಟಬೇಕೆಂಬುದು ಗುರಿ. ನೂರು ಕೋಟಿ ಯೂರೊ ಸುಮಾರು ಖರ್ಚಾಯಿತು, ಮ್ಯೂಸಿಯಂ ಕಟ್ಟಡಕ್ಕಿಂತ ಎಷ್ಟೋ ಪಟ್ಟು. ದಡದಲ್ಲಿ ಮೂಗು ಮುಚ್ಚಿಕೊಳ್ಳುವ ಸ್ಥಿತಿ ಇದ್ದಿದ್ದರೆ ಟೈಟಾನಿಯಂ ಹೊದಿಸಿದ ಯಾವ ಕಟ್ಟಡವೂ ಜನರನ್ನು ಅಲ್ಲಿ ನಡೆದಾಡಿಸುತ್ತಿರಲಿಲ್ಲ.

ಎರಡನೆಯದು ನೆಲ. ದಡದ ನೆಲವೆಲ್ಲ ಬಂದರು, ರೈಲ್ವೆ, ಸರ್ಕಾರಿ ಕಂಪನಿಗಳ ಕೈಲಿತ್ತು. ನಗರಸಭೆಗೆ ಆಸೆಯಿತ್ತು, ಹಿಡಿತವಿರಲಿಲ್ಲ. 1992ರಲ್ಲಿ ಬಿಲ್ಬಾವೊ ರಿಯಾ 2000 ಎಂಬ ಕಂಪನಿ ಮಾಡಿದರು. ಅರ್ಧ ಪಾಲು ಸ್ಪೇನ್ ಸರ್ಕಾರದ ಸಂಸ್ಥೆಗಳದ್ದು, ಅರ್ಧ ಬಾಸ್ಕ್ ಸರ್ಕಾರ, ಪ್ರಾಂತ್ಯ, ನಗರಸಭೆಗಳದ್ದು. ಕೆಲಸದ ರೀತಿ ಹೀಗೆ: ಪಾಲುದಾರರು ಬಳಕೆ ತಪ್ಪಿದ ನೆಲ ಬಿಟ್ಟುಕೊಡುತ್ತಾರೆ, ನಗರಸಭೆ ಅದರ ಬಳಕೆಯ ವರ್ಗ ಬದಲಿಸುತ್ತದೆ, ಕಂಪನಿ ಮಣ್ಣು ಶುದ್ಧಮಾಡಿ, ರಸ್ತೆ ಉದ್ಯಾನ ಹಾಕಿ, ಕೆಲವು ನಿವೇಶನ ಮಾರುತ್ತದೆ, ಬಂದ ದುಡ್ಡು ಲಾಭವಾಗಿ ಹಂಚಿಹೋಗದೆ ಮುಂದಿನ ಜಾಗಕ್ಕೆ. ಎವುಸ್ಕಾಲ್ದುನ ಹಡಗುಕಟ್ಟೆಯಿದ್ದ ಸುಮಾರು 35 ಹೆಕ್ಟೇರಿನ ಅಬಾಂದೋಇಬಾರ್ರ ಮಾರಿ ಬಂದ ಹಣದಲ್ಲೇ ರೈಲುಹಳಿಗಳನ್ನು ದಡದಿಂದ ಎತ್ತಿ ದಕ್ಷಿಣದ ಸುತ್ತುದಾರಿಗೆ ಸರಿಸಿದ್ದು, ಬಡ ಬಡಾವಣೆಗಳ ಹಳಿಯ ಮೇಲೆ ಚಾವಣಿ ಹಾಕಿದ್ದು. ಇದರ ದೌರ್ಬಲ್ಯವೂ ಇಲ್ಲೇ. ಮನೆ ಬೆಲೆ ಏರುವವರೆಗೆ ಯಂತ್ರ ಓಡಿತು. 2008ರ ಕುಸಿತದಲ್ಲಿ ನಿವೇಶನ ಕೊಳ್ಳುವವರಿಲ್ಲದೆ ಕಂಪನಿ ಸಾಲಕ್ಕೆ ಸಿಕ್ಕಿತು, ಕೆಲಸಗಳು ನಿಂತವು.

ಮೂರನೆಯದು ಓಡಾಟ. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ವಿನ್ಯಾಸದ ಮೆಟ್ರೊ 1995ರ ನವೆಂಬರ್ 11ರಂದು ಶುರು. ಮೊದಲ ಮಾರ್ಗ ಬಲದಂಡೆಗೆ, 2002ರಿಂದ ಎರಡನೆಯದು ಎಡದಂಡೆಗೆ. ಬೀದಿ ಮಟ್ಟದಲ್ಲಿ ಕಾಣುವ ಗಾಜಿನ ಬಾಗಿದ ಬಾಯಿಗಳಿಗೆ ಜನ ಪ್ರೀತಿಯಿಂದ ‘ಫೋಸ್ತೆರಿತೊ’ ಎನ್ನುತ್ತಾರೆ.

ಆಮೇಲೆ ಮ್ಯೂಸಿಯಂ. 1991ರಲ್ಲಿ ಬಾಸ್ಕ್ ಸರ್ಕಾರ ನ್ಯೂಯಾರ್ಕಿನ ಗುಗೆನ್‌ಹೈಮ್ ಪ್ರತಿಷ್ಠಾನದ ಜೊತೆ ಒಪ್ಪಂದಕ್ಕೆ ಬಂತು: ಕಟ್ಟಡಕ್ಕೆ 10 ಕೋಟಿ ಡಾಲರ್, ಕಲಾಕೃತಿ ಕೊಳ್ಳಲು 5 ಕೋಟಿ, ಹೆಸರು ಮತ್ತು ಸಂಗ್ರಹದ ನಂಟಿಗೆ 2 ಕೋಟಿ. ಕೆಲಸ ಕಳೆದುಕೊಂಡವರ ಊರಿನಲ್ಲಿ ಇದಕ್ಕೆ ಕಟುವಾದ ವಿರೋಧವಿತ್ತು. ವಾಸ್ತುಶಿಲ್ಪಿ ಫ್ರಾಂಕ್ ಗೆರಿಯ ವಕ್ರ ಮೈಗಳನ್ನು ವಿಮಾನ ವಿನ್ಯಾಸದ ಕಾಟಿಯಾ ತಂತ್ರಾಂಶದಲ್ಲಿ ಲೆಕ್ಕಹಾಕಿ ಸ್ಥಳೀಯ ಉಕ್ಕಿನ ಕಂಪನಿಗಳೇ ಚೌಕಟ್ಟು ಕತ್ತರಿಸಿದವು. ಬಿಸ್ಕಾಯದ ಉಕ್ಕಿನ ಕೈಚಳಕ ಇನ್ನೂ ಸತ್ತಿರಲಿಲ್ಲ ಎಂಬುದು ಇದರಲ್ಲಿ ಗಮನಿಸಬೇಕಾದ್ದು. ಮೇಲೆ ಸುಮಾರು 33,000 ಟೈಟಾನಿಯಂ ತಗಡು, ಒಂದೊಂದರ ದಪ್ಪ 0.38 ಮಿಲಿಮೀಟರ್. ಮೋಡದ ಬೂದು ಬೆಳಕಿನಲ್ಲಿ ತುಕ್ಕುಹಿಡಿಯದ ಉಕ್ಕು ಸಪ್ಪೆಯಾಗಿ ಕಂಡಿತು, ಟೈಟಾನಿಯಂ ಆ ಬೆಳಕನ್ನೇ ಬೆಚ್ಚಗೆ ಮಾಡಿತು. ವರ್ಷಕ್ಕೆ ಐದು ಲಕ್ಷ ಜನ ಬಂದರೆ ಸಾಕು ಎಂದುಕೊಂಡಿದ್ದರು, ಮೊದಲ ವರ್ಷವೇ 13 ಲಕ್ಷ. ತೆರೆಯುವ ಕೆಲವೇ ದಿನ ಮೊದಲು, ತೋಟಗಾರರ ವೇಷದಲ್ಲಿ ಸ್ಫೋಟಕ ತಂದ, ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆ ಇಟಿಎಯ ಉಗ್ರರನ್ನು ತಡೆದ ಪೊಲೀಸ್ ಒಬ್ಬರು ಎದುರಿನ ಅಂಗಳದಲ್ಲೇ ಗುಂಡಿಗೆ ಬಲಿಯಾದರು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ: ಮ್ಯೂಸಿಯಂ ಊರನ್ನು ಜಗತ್ತಿಗೆ ತೋರಿಸಿತು, ಹೋಟೆಲು ತುಂಬಿಸಿತು, ಊರಿನವರಿಗೆ ತಮ್ಮ ಬಗ್ಗೆ ನಂಬಿಕೆ ತಂದಿತು. ನದಿ, ನೆಲ, ರೈಲು ಸಿದ್ಧವಾಗದಿದ್ದರೆ ಇಷ್ಟು ಆಗುತ್ತಿರಲಿಲ್ಲ. ಬರೀ ಕಟ್ಟಡ ನಕಲು ಮಾಡಿದವರ ಪಾಡು ಸ್ಪೇನಿನಲ್ಲೇ ಇದೆ: ಸಾಂತಿಯಾಗೊ ದೆ ಕೊಂಪೊಸ್ತೇಲದ ಗುಡ್ಡದ ಮೇಲೆ ಪೀಟರ್ ಐಸನ್‌ಮನ್ ವಿನ್ಯಾಸದ ‘ಸಂಸ್ಕೃತಿ ನಗರ’ದ ಖರ್ಚು ಕೈಮೀರಿ, 2013ರಲ್ಲಿ ಉಳಿದ ಕಟ್ಟಡಗಳನ್ನು ಅರ್ಧಕ್ಕೇ ಕೈಬಿಟ್ಟರು.

ಈಗ ನಿಮ್ಮ ಎರಡು ದಿನ. ಹೆಚ್ಚಿನವರು ಮಾಡುವ ತಪ್ಪು ಬೆಳಿಗ್ಗೆ ನೇರ ಮ್ಯೂಸಿಯಂಗೆ ಹೋಗಿ ಸಂಜೆ ಹಳೆ ಪೇಟೆಯಲ್ಲಿ ಪಿಂಚೊ ಎಂಬ ಕಿರುತಿಂಡಿ ತಿಂದು ರೈಲು ಹತ್ತುವುದು. ಊರಿನ ಕಥೆ ಹೇಗೆ ನಡೆಯಿತೋ ಹಾಗೆ, ಮೇಲಿನಿಂದ ಕೆಳಕ್ಕೆ, ನೀರಿನ ಜೊತೆ ನಡೆಯಿರಿ.

ಮೊದಲ ದಿನ ಹಳೆ ಪೇಟೆಯ ಕಾಸ್ಕೊ ಬಿಯೆಹೊ ಮೆಟ್ರೊ ನಿಲ್ದಾಣದಲ್ಲಿ ಇಳಿದು ಸಾನ್ ಅಂತೋನ್ ಸೇತುವೆಯಿಂದ ಶುರುಮಾಡಿ. ಪಕ್ಕದ ರಿಬೆರ ಮಾರುಕಟ್ಟೆ (1929ರದ್ದು) ಬೆಳಿಗ್ಗೆಯೇ ಚೆಂದ, ಮಧ್ಯಾಹ್ನದ ಮೇಲೆ ಮೀನಿನ ಕಟ್ಟೆಗಳು ಖಾಲಿ. ಏಳು ಬೀದಿ ಸುತ್ತಿ, ಪ್ರವಾಹದ ಫಲಕ ಹುಡುಕಿ, ಅರೆನಾಲ್ ಸೇತುವೆ ದಾಟಿ ಎಡದಂಡೆ ಹಿಡಿಯಿರಿ. ಕಲಾತ್ರಾವಾ ಕಟ್ಟಿದ ಬಿಳಿ ಕಾಲ್ಸೇತುವೆ ಸುಬಿಸುರಿ ಸಿಗುತ್ತದೆ. ಅದರ ನೆಲಕ್ಕೆ ಗಾಜಿನ ಇಟ್ಟಿಗೆ ಹಾಸಿದ್ದರು. ಸದಾ ಜಿಟಿಜಿಟಿ ಮಳೆಯ ಊರಿನಲ್ಲಿ ಜನ ಜಾರಿ ಬಿದ್ದು, ಕೊನೆಗೆ ಮೇಲೆ ಚಾಪೆ ಹಾಸಬೇಕಾಯಿತು. ಅಲ್ಲಿಂದ ಬಲದಂಡೆಗೆ ದಾಟಿದರೆ ಹತ್ತಿರದಲ್ಲೇ ಅರ್ಚಾಂದ ಹತ್ತುವ 1915ರ ಫ್ಯೂನಿಕ್ಯುಲರ್ ರೈಲು, ಮೂರು ನಿಮಿಷದ ದಾರಿ. ಮೇಲೆ ನಿಂತರೆ ನಾನು ಇಲ್ಲಿ ಬರೆದ ನಕ್ಷೆಯೆಲ್ಲ ಒಂದೇ ನೋಟದಲ್ಲಿ. ಮೋಡ ಕವಿದಿದ್ದರೆ ಅದನ್ನು ಮರುದಿನಕ್ಕೆ ತಳ್ಳಿ, ಬೆಳ್ಳಗಿನ ಮಂಜು ಬಿಟ್ಟು ಏನೂ ಕಾಣುವುದಿಲ್ಲ. ಇಳಿದು ಮ್ಯೂಸಿಯಂ, ಆಮೇಲೆ ಮುಂದೆ ಹಳೆ ಹಡಗುಕಟ್ಟೆಯ ಒಣ ತೊಟ್ಟಿಗಳು, ‘ಕರೋಲ’ ಎಂಬ ಕೆಂಪು ಕ್ರೇನ್, ಅಲ್ಲಿನ ಕಡಲ ಸಂಗ್ರಹಾಲಯ. ಗುಗೆನ್‌ಹೈಮ್‌ಗೆ ವರ್ಷದ ಬಹುಪಾಲು ಸೋಮವಾರ ರಜೆ, ಬೇಸಿಗೆಯಲ್ಲಿ ಬೇರೆ. ದಿನ ಗೊತ್ತುಮಾಡುವ ಮೊದಲು ನೋಡಿಕೊಳ್ಳಿ.

ಎರಡನೆಯ ದಿನ ಮೆಟ್ರೊ ಮೊದಲ ಮಾರ್ಗದಲ್ಲಿ ಅರೇತ ನಿಲ್ದಾಣ. ತೂಗುತೊಟ್ಟಿಲಿನಲ್ಲಿ ಆಚೆ ದಾಟಿ. ಎತ್ತರದ ಹೆದರಿಕೆ ಇಲ್ಲದಿದ್ದರೆ ಲಿಫ್ಟಿನಲ್ಲಿ ಹೋಗಿ ಮೇಲಿನ ತೊಲೆಯ ಮೇಲೆ ನಡೆದು ಬನ್ನಿ, ಅದಕ್ಕೆ ಬೇರೆ ಟಿಕೆಟ್. ಪೋರ್ತುಗಲೇತೆಯ ದಂಡೆಯಲ್ಲಿ ಹತ್ತು ನಿಮಿಷ ಕಡಲ ಕಡೆ ನಡೆದರೆ ಚುರ್ರೂಕನ ಕಬ್ಬಿಣದ ಧಕ್ಕೆ. ಭರತ ಇಳಿಯುವ ಹೊತ್ತು ನೋಡಿಕೊಂಡು ಹೋದರೆ ನೀರು ಆ ಗೋಡೆಗೆ ಒತ್ತಿಕೊಂಡು ಓಡುವುದು ಕಣ್ಣಿಗೇ ಕಾಣುತ್ತದೆ. ಆ ದಿನದ ಭರತದ ವೇಳಾಪಟ್ಟಿಯನ್ನು ಮೊದಲೇ ನೋಡಿಟ್ಟುಕೊಳ್ಳಿ. ಸಮಯ ಉಳಿದರೆ ಗಾಯಾರ್ತದ ಗಣಿ ಸಂಗ್ರಹಾಲಯಕ್ಕೆ ಬಸ್ ಹಿಡಿಯಿರಿ. ಪಕ್ಕದ ಬೊದೊವಾಯೆ ಗಣಿಗುಂಡಿಯ ತಳ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಅದಿರಿಗಾಗಿ ಹಳೆಯ ಗಾಯಾರ್ತ ಊರನ್ನೇ ಎಬ್ಬಿಸಿದರು, 1993ರಲ್ಲಿ ಗಣಿಯೂ ಮುಚ್ಚಿತು.

ಹಿಂದಿರುಗುವಾಗ ದೆಉಸ್ತೊದಲ್ಲಿ ಇಳಿದು ಸೊರೊತ್ಸೌರೆ ನೋಡಬಹುದು. 1950ರ ದಶಕದಲ್ಲಿ ಹಡಗಿಗೆಂದು ತೋಡಲು ಶುರುಮಾಡಿ ಕೊನೆಯ ತುಂಡು ಬಿಟ್ಟಿದ್ದ ಕಾಲುವೆಯನ್ನು 2018ರಲ್ಲಿ ಪೂರ್ತಿ ತೆರೆದು ಅದನ್ನು ದ್ವೀಪ ಮಾಡಿದ್ದಾರೆ. ಒಟ್ಟು ವಿನ್ಯಾಸ ವಾಸ್ತುಶಿಲ್ಪಿ ಜಹಾ ಹದೀದರದ್ದು, ಆದರೆ ಕಾಲುವೆ ತೆರೆದ ಮುಖ್ಯ ಕಾರಣ 1983ರಂಥ ನೀರು ಬಂದರೆ ಹೋಗಲು ಎರಡನೇ ದಾರಿ ಬೇಕೆಂಬುದು. ಖಾಲಿ ಗೋದಾಮು, ಅರ್ಧ ಎದ್ದ ಮನೆಗಳು, ಹೊಸ ಸೇತುವೆಗಳು ಅಕ್ಕಪಕ್ಕ ಇವೆ. ಅಬಾಂದೋಇಬಾರ್ರ ಇಪ್ಪತ್ತೈದು ವರ್ಷದ ಹಿಂದೆ ಹೇಗಿತ್ತು ಎಂಬುದರ ಅಂದಾಜು ಅಲ್ಲಿ ಸಿಗುತ್ತದೆ. ಕೊಡೆಗಿಂತ ತಲೆಗವಸಿರುವ ಮಳೆಯಂಗಿ ವಾಸಿ, ಅಳಿವೆಯ ಗುಂಟ ಗಾಳಿ ಜೋರು. ಮೆಟ್ರೊ, ಟ್ರ್ಯಾಮ್, ತೂಗುತೊಟ್ಟಿಲು, ಫ್ಯೂನಿಕ್ಯುಲರ್ ಎಲ್ಲಕ್ಕೂ ಬಾರಿಕ್ ಕಾರ್ಡ್ ಒಂದೇ ಸಾಕು, ಮೆಟ್ರೊ ನಿಲ್ದಾಣದ ಯಂತ್ರದಲ್ಲೇ ಕೊಳ್ಳಬಹುದು.